ದನದ ದಲಾಲಿ ಕಾಕಾ ಮತ್ತು ವೈನಿಯ ಕಾಲ್ಗುಣ

ದಲಾಲಿ ಕಾಕಾನ ಬಲಗೈ ಬೆರಳುಗಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗಲೂ ಅವು ಅವನ ಮೊಣಕಾಲನ್ನು ಒತ್ತುತ್ತಲೇ ಇರುತ್ತಿದ್ದವು. ಒಮ್ಮೆ ಎರಡು ಬೆರಳು, ಒಮ್ಮೆ ನಾಲ್ಕು, ಒಮ್ಮೆ ಬರೀ ಹೆಬ್ಬೆರಳು. ದನದ ವ್ಯಾಪಾರದವರ ಕೈ ಹಾಗೆಯೇ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಮೇಲೆ ಹೆಗಲ ವಸ್ತ್ರ ಮುಚ್ಚಿ, ಬೆರಳು ಒತ್ತಿ ಬೆಲೆ ತಿಳಿಸಬೇಕು. ಸುತ್ತ ನೂರು ಜನ ನಿಂತಿದ್ದರೂ ಬಟ್ಟೆಯ ಕೆಳಗೆ ಏನು ನಡೆಯಿತೆಂದು ಗೊತ್ತಾಗುವುದು ಇಬ್ಬರಿಗೇ. ಹಾಗೆ ಮುಚ್ಚಿದ ಕೈಯಿಂದಲೇ ಇಪ್ಪತ್ತು ವರ್ಷ ಬದುಕಿದವನು ಅವನು.

ಅವನು ವಿಜಾಪುರದ ಜೋರಾಪುರ ಪೇಟೆಯವನು, ನಾವು ತಿಕೋಟಾದ ಒಕ್ಕಲುತನದವರು. ಅಪ್ಪ ಮತ್ತು ಅವನು ಹರೆಯದಲ್ಲಿ ಒಂದೇ ಗರಡಿಯ ಮಣ್ಣು ಮೈಗೆ ಬಳಿದುಕೊಂಡವರು. ರಕ್ತಸಂಬಂಧ ಏನೂ ಇಲ್ಲದಿದ್ದರೂ ನಮಗೆ ಅವನು ಕಾಕಾ. ಮನೆಗೆ ಬಂದರೆ ಮೊದಲು ಹೋಗುವುದು ಗ್ವಾದಲಿಗೆ, ದನ ಕಟ್ಟುವಲ್ಲಿಗೆ. ಪ್ರತಿಯೊಂದರ ತುಟಿ ಎತ್ತಿ ಹಲ್ಲು ನೋಡಿ, ಆಮೇಲೆ ಮನುಷ್ಯರ ಯೋಗಕ್ಷೇಮ. ನನ್ನನ್ನು ಕಂಡರೆ, "ಬಾಯಿ ತಗಿ ಬೇ, ನಿನಗೆಷ್ಟು ಹಲ್ಲ ಆಗ್ಯಾವ ನೋಡೂನು," ಎನ್ನುತ್ತಿದ್ದ. ನನಗೆ ಹತ್ತು ವರ್ಷ. ಸಿಟ್ಟು ಬಂದು ನಾನು ಬಾಯಿ ಮುಚ್ಚಿಕೊಂಡರೆ, "ಹಲ್ಲ ತೋರ್ಸವಲ್ದು ಅಂದ್ರ ವಯಸ್ಸಾಗೇತಿ," ಎಂದು ನಗುತ್ತಿದ್ದ. ಆಗ ಅವನ ಬಾಯಲ್ಲಿ ಸದಾ ಒಂದು ಮಾತಿತ್ತು: "ಸಂತ್ಯಾಗ ಖರೆ ಹೇಳಾಂವ ಸಂಜೀತನಕ ಎತ್ತು ಹಿಡಕೊಂಡ ನಿಂದರ್ತಾನ." ಎಲ್ಲರೂ ನಗುತ್ತಿದ್ದೆವು. ಅದು ಬರೀ ಚೇಷ್ಟೆಯ ಮಾತು ಎಂದುಕೊಂಡಿದ್ದೆವು.

ಯುದ್ಧದ ಕಾಲ ಅದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಒಳ್ಳೆಯ ಎತ್ತೂ ಸಿಗುತ್ತಿರಲಿಲ್ಲ. ಅಂಥದರಲ್ಲಿ ನಮ್ಮ ಜೋಡಿಯ ಒಂದು ಎತ್ತು ಸತ್ತಿತು. ಅದೇ ಹೊತ್ತಿಗೆ ಅಣ್ಣನ ಮದುವೆ. ಬಬಲೇಶ್ವರದ ಹೆಣ್ಣು. ಅತ್ತಿಗೆಗೆ ನಾವು ವೈನಿ ಎನ್ನುತ್ತೇವೆ. ಅವಳು ಸೋಮವಾರ ನಮ್ಮ ಮನೆ ತುಂಬಿದಳು. ಬುಧವಾರ ಕಾಕಾ ವಿಜಾಪುರದಿಂದ ಒಂದು ಬಿಳಿ ಎತ್ತು ಹೊಡೆದುಕೊಂಡು ಬಂದ. ನೋಡಲು ಸೊಗಸು, ನಿಂತರೆ ನಿಂತಲ್ಲೇ, ಕೊರಳ ಕೆಳಗೆ ಕೈ ಹಾಕಿದರೂ ಕಣ್ಣು ಮುಚ್ಚಿಕೊಂಡೇ ಇರುವಂಥ ಸಾಧು. ಆಯಿ, ಎಂದರೆ ಅಪ್ಪನ ತಾಯಿ, ಹೊಸ ಸೊಸೆಯ ಕೈಯಿಂದಲೇ ಎತ್ತಿಗೆ ಆರತಿ ಮಾಡಿಸಿದಳು. ಶುಕ್ರವಾರ ಮುಂಜಾನೆ ಅಪ್ಪ ಮೇವು ಹಾಕಲು ಹೋದಾಗ ಆ ಸಾಧು ಪ್ರಾಣಿ ಅವನನ್ನು ಗೋಡೆಗೆ ಒತ್ತಿ ಹಾಯಿತು. ಜೀವ ಉಳಿಯಿತು. ಸೊಂಟದ ಮೂಳೆ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಅಪ್ಪ ಆಮೇಲೆ ಕೋಲಿಲ್ಲದೆ ನಡೆಯಲಿಲ್ಲ, ಹೊಲದಲ್ಲಿ ಕುಂಟೆ ಹಿಡಿಯಲಿಲ್ಲ.

ಸೋಮವಾರ ಸೊಸೆ ಬಂದಳು, ಶುಕ್ರವಾರ ಮಗ ಬಿದ್ದ. ಆಯಿಗೆ ಅಷ್ಟು ಲೆಕ್ಕ ಸಾಕಾಯಿತು. "ಇಕಿ ಕಾಲ್ಗುಣ ಚಲೋ ಇಲ್ಲ. ಇಕಿ ಆರತಿ ಎತ್ತಿದ್ದಕ್ಕ ಸಾಧು ಎತ್ತೂ ಕೆಟ್ಟಿತು," ಎಂದಳು. ಮನೆಯಲ್ಲಿ ಆಯಿಯ ಮಾತೇ ಕೊನೆಯ ಮಾತು. ಅವ್ವ ಸೆರಗು ಕಚ್ಚಿಕೊಂಡು ಸುಮ್ಮನಿದ್ದಳು, ಅಪ್ಪ ಮೈಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದ, ಅಣ್ಣ ಹತ್ತೊಂಬತ್ತರ ಹುಡುಗ, ನೆಲ ನೋಡಿದ. ಮೈಮೇಲಿನ ಅರಿಷಿಣ ಮಾಸುವ ಮೊದಲೇ ವೈನಿಯನ್ನು ಗಾಡಿ ಹತ್ತಿಸಿ ಬಬಲೇಶ್ವರಕ್ಕೆ ಕಳಿಸಿದರು. ನನ್ನ ಪಾಲಿನ ಪಾಪವನ್ನೂ ಹೇಳಿಬಿಡುತ್ತೇನೆ. ಭಾವಿಯ ಹತ್ತಿರ ಹುಡುಗಿಯರು ಕೇಳಿದಾಗ, "ನಮ್ಮ ವೈನಿ ಕಾಲ್ಗುಣ ಚಲೋ ಇಲ್ಲ," ಎಂದು ನಾನೂ ದೊಡ್ಡ ಹೆಂಗಸಿನ ಹಾಗೆ ಹೇಳಿಕೊಂಡು ತಿರುಗಿದೆ.

ವರ್ಷದ ಮೇಲೆ ಮೂರ್ನಾಲ್ಕು ತಿಂಗಳು ಹೀಗೇ ಕಳೆದವು. ಕಾಕಾ ಆಗಾಗ ಬರುತ್ತಿದ್ದ, ಆದರೆ ಗ್ವಾದಲಿಗೆ ಹೋಗುವುದನ್ನು ಬಿಟ್ಟಿದ್ದ. ಬಾಯಿಂದ ಕುಡಿದ ಸೆರೆಯ ವಾಸನೆ ಬರುತ್ತಿತ್ತು. ಆ ಎತ್ತನ್ನು ಹಿತ್ತಲಲ್ಲಿ ಎರಡು ಹಗ್ಗ ಹಾಕಿ ಕಟ್ಟಿದ್ದೆವು. ಅಣ್ಣ ದೂರದಿಂದಲೇ ಮೇವು ಎಸೆಯುತ್ತಿದ್ದ. ಒಂದು ದಿನ ಕಾಕಾ ಅಪ್ಪನಿಗೆ, "ದೋಸ್ತ, ಅದನ್ನ ನನಗ ಕೊಡು. ಸಂತ್ಯಾಗ ಮಾರಿ ಬರ್ತೀನಿ. ಹಾಯ್ತೈತಿ ಅಂತ ಯಾರಿಗೂ ಗೊತ್ತಾಗೂದಿಲ್ಲ," ಎಂದ.

ಅಪ್ಪ ತಲೆಯಾಡಿಸಿದ. "ನೀ ಮಾರ್ತಿ ಖರೆ. ಕೊಂಡಾಂವನ ಮನ್ಯಾಗೂ ಹೆಂಡ್ರು ಮಕ್ಕಳು ಇರ್ತಾರಲ್ಲೋ. ನಾ ಕುಂಟ ಆದದ್ದ ಸಾಕು. ಅಲ್ಲೇ ಬಿದ್ದಿರ್ಲಿ, ಮೇವು ತಿನ್ಲಿ."

ಕಾಕಾ ಎದ್ದುಬಿಟ್ಟ. ಅವ್ವ ತಂದಿಟ್ಟ ಚಹಾ ಹಾಗೇ ಆರಿತು. ಆಮೇಲೆ ಏಳೆಂಟು ತಿಂಗಳು ಅವನು ತಿಕೋಟಾದ ಕಡೆ ಮುಖ ಹಾಕಲಿಲ್ಲ.

ಆ ತಿಂಗಳುಗಳಲ್ಲಿ ಏನಾಯಿತೆಂದು ಅವನೇ ಮುಂದೆ ಒಂದು ದಿನ ನನಗೆ ಹೇಳಿದ್ದ. ಕುಡಿದು ಕುಡಿದು ಹಾಸಿಗೆ ಹಿಡಿದಿದ್ದನಂತೆ. ಹೆಂಡತಿ ಎಂದೋ ತೀರಿದ್ದಳು, ಮಕ್ಕಳಿರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಮುದುಕ ದರ್ಜಿ, ಕ್ರೈಸ್ತ. ಅವನೂ ಅವನ ಹೆಂಡತಿಯೂ ಇವನಿಗೆ ಗಂಜಿ ಕುಡಿಸಿದರು, ಹೊಲಸು ಬಳಿದರು. ಪ್ರತಿ ಸಂಜೆ ದರ್ಜಿ ತನ್ನ ಮನೆಯಲ್ಲಿ ಗಟ್ಟಿಯಾಗಿ ಶಾಸ್ತ್ರ ಓದಿ ಪ್ರಾರ್ಥನೆ ಮಾಡುವುದು ನಡುವಿನ ಗೋಡೆ ದಾಟಿ ಕೇಳಿಸುತ್ತಿತ್ತು. ಮೊದಮೊದಲು ಇವನು ಗೋಡೆಗೆ ನೀರಿನ ಚರಿಗೆ ಎಸೆದು ಬೈಯುತ್ತಿದ್ದ. ಆಮೇಲೆ ಆ ಹೊತ್ತಿಗೆ ಕಾಯತೊಡಗಿದ. ಪಾಪಿಗಳನ್ನು ಹುಡುಕಿಕೊಂಡು ಬಂದ ದೇವರು ಎಂಬ ಮಾತು ಅವನನ್ನು ಹಿಡಿದು ನಿಲ್ಲಿಸಿತಂತೆ. "ನನ್ನ ಹುಡಿಕ್ಕೊಂಡು ಬರಾವ್ರು ಬರೇ ಸಾಲಗಾರರು, ಪೊಲೀಸ್ರು ಅಂತ ತಿಳಿದಿದ್ದೆ," ಎಂದು ನಕ್ಕ. ಒಂದು ದಿನ ದರ್ಜಿಯ ಮುಂದೆ ಎಲ್ಲವನ್ನೂ ಹೇಳಿಕೊಂಡು ಅತ್ತ. ಯೇಸುಸ್ವಾಮಿಯ ಹೆಸರಲ್ಲಿ ದೀಕ್ಷಾಸ್ನಾನ ಕೊಡಿಸು ಎಂದು ಕೇಳಿಕೊಂಡ.

ಆ ದರ್ಜಿಯನ್ನು ನಾನು ನೋಡಿಲ್ಲ. ಆದರೆ ಅವನು ಆಗ ಹೇಳಿದ ಮಾತನ್ನು ಕಾಕಾ ಹೇಳಿದ ಹಾಗೇ ನೆನಪಿಟ್ಟಿದ್ದೇನೆ: "ದೇವರ ಮುಂದ ಅತ್ತಿದಿ, ಚಲೋ ಆತು. ಬಬಲೇಶ್ವರದಾಗ ಒಬ್ಬಾಕಿ ಅಳಾಕತ್ತಾಳಲ್ಲ, ಆಕಿ ಮುಂದ ಯಾವಾಗ ಹೋಗ್ತಿ?"

ಹೇಳುವುದು ಸುಲಭ. ಕಾಕಾ ಮೂರು ಸಲ ತಿಕೋಟಾದ ಊರ ಮುಂದಿನ ಬೇವಿನ ಗಿಡದ ತನಕ ಬಂದು ತಿರುಗಿ ಹೋಗಿದ್ದನಂತೆ. ಅದರಲ್ಲಿ ಒಂದು ಸಲ ಸೀದಾ ಸೆರೆ ಅಂಗಡಿಗೇ. ನಾಲ್ಕನೆಯ ಸಲ ನಮ್ಮ ಮನೆ ಮುಟ್ಟಿದ.

ಬೇಸಿಗೆಯ ಮುಂಜಾನೆ. ಅಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ, ಆಯಿ ಜೋಳ ಹಸನು ಮಾಡುತ್ತಿದ್ದಳು, ಅಣ್ಣ ಹೊಲಕ್ಕೆ ಹೊರಟಿದ್ದ. ಕಾಕಾ ಒಗೆದ ಧೋತರ ಉಟ್ಟು ಬಂದು ಅಂಗಳದಲ್ಲೇ ನಿಂತ. ಮೈ ಇಳಿದು ಹೋಗಿತ್ತು. ಅವನು ಕಿರಿಸ್ತಾನ ಆಗಲು ಹೊರಟ ಸುದ್ದಿ ಮೊದಲೇ ಊರಿಗೆ ಮುಟ್ಟಿತ್ತು. ಕೂಡು ಎಂದರೂ ಕೂಡಲಿಲ್ಲ.

"ದೋಸ್ತ, ನಾ ಕುಂಡ್ರಾಕ ಬಂದಿಲ್ಲ. ಆ ಎತ್ತು ಹಾಯೂದು ನನಗ ಮೊದಲ ಗೊತ್ತಿತ್ತು. ಹಿಂದಿನ ಮನ್ಯಾಗೂ ಒಬ್ಬಾಂವನ್ನ ಎತ್ತಿ ಒಗದಿತ್ತು. ಬೆಲ್ಲದಾಗ ಅಫೀಮು ಇಟ್ಟು ತಿನ್ನಿಸಿ ನಿನಗ ತಂದು ಕೊಟ್ಟೇನಿ. ಎರಡು ದಿನಕ್ಕ ಅಮಲು ಇಳೀತು, ನಿನ್ನ ಹಾಯ್ತು. ಇದು ಸೊಸಿ ಕಾಲಿಂದ ಆದದ್ದಲ್ಲ, ನನ್ನ ಕೈಲಿಂದ ಆದದ್ದು."

ಅಪ್ಪನ ಕೈಯಲ್ಲಿನ ಹಗ್ಗ ನಿಂತಿತು. "ಊರಾಗ ಅಷ್ಟ ಮಂದಿ ಇದ್ರು. ನನಗ ಯಾಕ ಕೊಟ್ಟಿ?"

"ಬ್ಯಾರೆದಾವ್ರು ನಾಕ ದಿನ ಕಟ್ಟಿ ನೋಡಿ ತಗೋತಾರ. ನೀ ನನ್ನ ಮಾತ ಮ್ಯಾಲ ತಗೋತಿ ಅಂತ ನಿನಗ ಕೊಟ್ಟೆ."

ಇಷ್ಟು ವರ್ಷವಾದರೂ ಈ ಮಾತು ನೆನಪಾದರೆ ನನಗೆ ಮೈ ಉರಿಯುತ್ತದೆ. ನಾನು ಸುಲಭಕ್ಕೆ ಕ್ಷಮಿಸುವವಳಲ್ಲ. ಹತ್ತು ವರ್ಷದ ಹಿಂದೆ ನನ್ನ ಸೌಟು ಒಯ್ದು ತಿರುಗಿ ಕೊಡದ ನೆರೆಯವಳನ್ನು ಇನ್ನೂ ಮರೆತಿಲ್ಲ. ಆದರೆ ಇದನ್ನೂ ಹೇಳಬೇಕು: ಈ ಮಾತನ್ನು ಅವನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

ಅಣ್ಣ ಓಡಿ ಬಂದು ಅವನ ಕೆನ್ನೆಗೆ ಬಾರಿಸಿದ. ಎರಡನೆಯ ಏಟಿಗೆ ಕೈ ಎತ್ತಿದವನು ಹಾಗೇ ನಿಂತು, ಗೋಡೆಗೆ ಮುಖ ಹಚ್ಚಿ ಅಳತೊಡಗಿದ. ಹೆಂಡತಿಯನ್ನು ಗಾಡಿ ಹತ್ತಿಸುವಾಗ ನೆಲ ನೋಡಿದ್ದು ಅವನಿಗೂ ನೆನಪಾಗಿರಬೇಕು. ಅಪ್ಪ ಹಗ್ಗ ಪಕ್ಕಕ್ಕಿಟ್ಟು, "ಸೊಂಟ ಹೋದದ್ದು ನಾ ತಡಕೋತೀನಿ. ಆ ಹುಡುಗಿ ಎರಡು ವರ್ಷ ಯಾರು ತಿರುಗಿ ಕೊಡ್ತಾರ?" ಎಂದ.

"ಯಾರ ಕೈಲಿಂದೂ ಆಗೂದಿಲ್ಲ. ಇನ್ನ ಮುಂದಿನ ವರ್ಷಗಳಾದ್ರೂ ಉಳೀಲಿ ಅಂತ ಬಂದೇನಿ."

ಆಯಿ ಮಾತ್ರ ಜಗ್ಗಲಿಲ್ಲ. ಮೊರ ಕೆಳಗಿಟ್ಟು, "ಬೀಗರು ಹೇಳಿ ಕಳಿಸ್ಯಾರ ನಿನಗ. ಇಲ್ಲಾ ಕುಡದು ಬಂದಿ. ಎತ್ತಿನ ಮಾತ ಬ್ಯಾರೆ, ಕಾಲ್ಗುಣದ ಮಾತ ಬ್ಯಾರೆ," ಎಂದಳು. ಅವಳಿಗೂ ಬೇರೆ ದಾರಿ ಇರಲಿಲ್ಲ. ಇವನ ಮಾತು ನಿಜವಾದರೆ ತಾನು ಮಾಡಿದ್ದೇನು ಎಂಬುದು ಅವಳ ಮುಂದೆ ಬಂದು ನಿಲ್ಲುತ್ತಿತ್ತು.

ಕಾಕಾ ಸೊಂಟದಿಂದ ಅಫೀಮಿನ ಒಂದು ಸಣ್ಣ ಪೊಟ್ಟಣ ತೆಗೆದ. "ಬಿಟ್ಟ ವಸ್ತು ಇದು. ಇವತ್ತೊಂದ ಸಲ ಕೈಯಾಗ ಹಿಡದೇನಿ. ಬೆಲ್ಲ ನಿನ್ನ ಗಡಗಿಯಿಂದ ನೀನ ಕೊಡು ಯವ್ವಾ," ಎಂದ. ಆಯಿ ಹಟಕ್ಕೆ ಬಿದ್ದು ಬೆಲ್ಲ ತಂದು ಕೊಟ್ಟಳು. ಅವನು ಉಂಡೆ ಕಟ್ಟಿ ಹಿತ್ತಲಿಗೆ ಹೋದ. ನಾವೆಲ್ಲ ಗೋಡೆಯ ಈಚೆ ನಿಂತೆವು. ಎತ್ತು ಅವನನ್ನು ಕಂಡದ್ದೇ ಬುಸುಗುಟ್ಟಿ ತಲೆ ತೂರಿತು. ಕೋಡು ತಾಗಿ ಅಂಗಿ ಹರಿದು ತೋಳಿನಿಂದ ರಕ್ತ ಬಂತು. ಅವನು ಹಿಂದೆ ಸರಿಯಲಿಲ್ಲ. ಮೂಗುದಾರ ಹಿಡಿದು ಉಂಡೆಯನ್ನು ಬಾಯಿಗೆ ತುರುಕಿಯೇ ಬಂದ. ಅವ್ವ ತನ್ನ ಹಳೆಯ ಸೀರೆಯ ಅಂಚು ಹರಿದು ಅವನ ತೋಳಿಗೆ ಕಟ್ಟಿದಳು.

ಹೊತ್ತು ನೆತ್ತಿಗೆ ಬರುವ ತನಕ ಕಾದೆವು. ಅಷ್ಟರಲ್ಲಿ ಓಣಿಯ ಅರ್ಧ ಜನ ಗೋಡೆಗೆ ಬಂದು ನಿಂತಿದ್ದರು. ನೋಡನೋಡುತ್ತ ಎತ್ತಿನ ತಲೆ ಇಳಿಯಿತು, ಬಾಯಿಂದ ಜೊಲ್ಲು ಸುರಿಯಿತು, ಕಣ್ಣು ಮುಚ್ಚಿಕೊಂಡವು. ಎರಡು ವರ್ಷದ ಹಿಂದೆ ನಮ್ಮ ಅಂಗಳಕ್ಕೆ ಬಂದಾಗ ಹೇಗೆ ನಿಂತಿತ್ತೋ ಹಾಗೇ. ಕಾಕಾ ಹಗ್ಗ ಸಡಿಲಿಸಿ ಅದರ ಕೊರಳ ಕೆಳಗೆ ಕೈ ಹಾಕಿ ನಿಂತ. ಆಯಿ ನಿಧಾನವಾಗಿ ನಡೆದು ಹೋಗಿ ಕೋಡುಗಳ ನಡುವೆ ಕೈ ಇಟ್ಟಳು. ಅದು ಅಲುಗಲಿಲ್ಲ.

"ಇವತ್ತ ಈ ಮನಿಗೆ ಯಾವ ಸೊಸಿ ಬಂದಾಳ ಯವ್ವಾ?" ಎಂದ ಕಾಕಾ, ಮೆಲ್ಲಗೆ.

ಆಯಿ ಅಲ್ಲೇ ಸೆಗಣಿಯ ನೆಲದಲ್ಲಿ ಕೂತುಬಿಟ್ಟಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಣ್ಣನ ಕಡೆ ನೋಡಿ, "ನಾಳೆ ಗಾಡಿ ಹೂಡು. ಸೊಸಿನ್ನ ಕರಕೊಂಡ ಬಾ," ಎಂದಳು.

"ಕಳಿಸಿದಾಕಿ ನೀ. ಕರಿಯಾಕೂ ನೀನ ಹೋಗಬೇಕು," ಎಂದ ಕಾಕಾ.

"ಕಿರಿಸ್ತಾನ ಆಗಾಕ ಹೊಂಟ ಮ್ಯಾಲ ನಾಲಿಗಿ ಉದ್ದ ಆಗೈತಿ ನಿನಗ," ಎಂದಳು ಆಯಿ. ಆದರೆ ಮರುದಿನ ನಸುಕಿನಲ್ಲಿ ಗಾಡಿಯಲ್ಲಿ ಮೊದಲು ಹತ್ತಿ ಕೂತವಳು ಅವಳೇ. ಗಾಡಿ ಹೊಡೆದವನು ಕಾಕಾ. ನಾನು ಅತ್ತು ಕರೆದು ಜಾಗ ಮಾಡಿಸಿಕೊಂಡೆ.

ಬಬಲೇಶ್ವರ ಮುಟ್ಟಿದಾಗ ವೈನಿ ಬಾಗಿಲಲ್ಲಿ ನಿಂತಿದ್ದಳು. ಹದಿನೆಂಟರ ಹುಡುಗಿ, ಮುಖ ಒಣಗಿತ್ತು. ಅವಳಪ್ಪ ನಮಗೆ ಬರ್ರಿ ಎನ್ನಲೂ ಇಲ್ಲ, ಹೋಗ್ರಿ ಎನ್ನಲೂ ಇಲ್ಲ. ಕಾಕಾ ಅಂಗಳದಲ್ಲಿ ನಿಂತು ಎಲ್ಲವನ್ನೂ ಇನ್ನೊಮ್ಮೆ ಮೊದಲಿನಿಂದ ಹೇಳಿದ, ಒಂದು ಮಾತೂ ಕಡಿಮೆ ಮಾಡದೆ. ವೈನಿ ಕೇಳಿದಳು, "ಎರಡು ವರ್ಷ ಸುಮ್ಮನಿದ್ರಿ. ಈಗ್ಯಾಕ ಹೇಳಾಕ ಬಂದ್ರಿ?"

"ನನ್ನಂಥಾವಂಗೂ ಕ್ಷಮಾ ಐತಿ ಅಂತ ಮೊದಲ ಗೊತ್ತಿರಲಿಲ್ಲವ್ವ. ಕ್ಷಮಾ ಇಲ್ಲ ಅನ್ನಾಂವ ಸುಳ್ಳು ಬಿಡೂದಿಲ್ಲ, ಅದನ್ನ ಗಟ್ಟಿ ಹಿಡಕೊಂಡ ಕುಂಡ್ರತಾನ. ಐತಿ ಅಂತ ತಿಳದ ಮ್ಯಾಲ ಬಾಯಿ ಬಂತು. ನೀ ಕ್ಷಮಾ ಮಾಡು ಅಂತ ಕೇಳಾಕ ಬಂದಿಲ್ಲ. ನಿಂದೇನೂ ತಪ್ಪಿಲ್ಲ ಅಂತ ಹೇಳಾಕ ಬಂದೇನಿ."

ಆಯಿ ಗಾಡಿಯಿಂದ ಇಳಿದು ಹೋಗಿ ವೈನಿಯ ಎರಡೂ ಕೈ ಹಿಡಿದಳು. "ನಡಿ ಯವ್ವಾ, ಮನಿಗೆ ಹೋಗೂಣು," ಎಂದಳು. ವೈನಿ ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ಕೂಡಲೇ ಹೂಂ ಎನ್ನಲೂ ಇಲ್ಲ. "ಆ ಎತ್ತು ಇನ್ನೂ ಐತೇನ್ರಿ?" ಎಂದು ಕೇಳಿದಳು. ಐತಿ ಎಂದಳು ಆಯಿ. "ಹಂಗಾರ ಬರ್ತೀನಿ. ಓಣಿ ಮಂದೀನೆಲ್ಲ ಕರಸ್ರಿ. ಅವರ ಮುಂದ ಅದಕ್ಕ ಆರತಿ ಮಾಡಿ ಒಳಗ ಬರ್ತೀನಿ." ಹಾಗೇ ಆಯಿತು. ಅಣ್ಣ ಹಗ್ಗ ಹಿಡಿದಿದ್ದ. ವೈನಿ ಎಲ್ಲರ ಎದುರು ಆರತಿ ಎತ್ತಿ ಒಳಗೆ ಬಂದಳು.

ಅದಾದ ಮೇಲೆ ಕಾಕಾನ ದೀಕ್ಷಾಸ್ನಾನ ನಡೆಯಿತು. ಅವನ ಬಳಗ ಅವನನ್ನು ಬಿಟ್ಟಿತು. ದೊಡ್ಡ ಕಷ್ಟ ಬಂದದ್ದು ಸಂತೆಯಲ್ಲಿ. ಇನ್ನು ಕೈ ಮೇಲೆ ಬಟ್ಟೆ ಮುಚ್ಚುವುದಿಲ್ಲ ಎಂದುಬಿಟ್ಟ. ಎತ್ತಿನ ಹಗ್ಗ ಹಿಡಿದು ನಿಂತು, "ಇದಕ್ಕ ಆರು ಹಲ್ಲು, ಎಡಗಾಲು ಸ್ವಲ್ಪ ಸೊಟ್ಟ, ಹೊಟ್ಟಿಬಾಕ, ಬೆಲಿ ಇಷ್ಟು," ಎಂದು ಕೂಗಿ ಹೇಳುತ್ತಿದ್ದ. ಉಳಿದ ದಲಾಲಿಗಳು ಅವನನ್ನು ಹತ್ತಿರ ನಿಲ್ಲಗೊಡಲಿಲ್ಲ. ಅವನದೇ ಹಳೆಯ ಮಾತಿನ ಪ್ರಕಾರ ಸಂಜೆಯ ತನಕ ಎತ್ತು ಹಿಡಿದು ನಿಂತ ದಿನಗಳೇ ಹೆಚ್ಚು. ನಾನು ಚುಡಾಯಿಸಿದರೆ, "ನಿಂತು ನಿಂತು ಕಾಲು ನೋಯ್ತಾವ, ನಿದ್ದಿ ಮಾತ್ರ ಚಲೋ ಬರ್ತೈತಿ," ಎನ್ನುತ್ತಿದ್ದ. ಮುಂದೆ ಸುತ್ತಲಿನ ಊರುಗಳ ವಿಧವೆಯರು, ಎತ್ತಿನ ಪರೀಕ್ಷೆ ತಿಳಿಯದ ಹೊಸಬರು ಅವನನ್ನೇ ಹುಡುಕಿಕೊಂಡು ಬರತೊಡಗಿದರು.

ಆ ಹಾಯುವ ಎತ್ತನ್ನು ಅವನು ತನ್ನಲ್ಲಿಗೇ ಒಯ್ದು ಕಟ್ಟಿಕೊಂಡ. ನಮ್ಮ ಹೊಲವನ್ನು ಎರಡು ಹಂಗಾಮು ಅವನೇ ಬಂದು ಹರಗಿದ, ಬಿತ್ತಿದ. ಕೂಲಿಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಮೊದಮೊದಲು ಆಯಿ ಅವನಿಗೆ ಮೇಲಿನಿಂದ ನೀರು ಸುರಿಯುತ್ತಿದ್ದಳು, ಕ್ರಿಸ್ತಾನ ಆದವನೆಂದು. ಅವನು ಬೊಗಸೆಯೊಡ್ಡಿ ಕುಡಿದು, "ತಣ್ಣಗಾತು ಯವ್ವಾ," ಎನ್ನುತ್ತಿದ್ದ. ಒಂದು ವರ್ಷದ ಮೇಲೆ ತನ್ನಿಂದ ತಾನೇ ತಂಬಿಗೆ ಅವನ ಕೈಗೆ ಬಂತು. ನಾವು ನಮ್ಮ ದೇವರನ್ನು ಬಿಡಲಿಲ್ಲ, ಬಿಡಿ ಎಂದು ಅವನೂ ಹೇಳಲಿಲ್ಲ. ಊಟದ ಮೊದಲು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ, ಅಷ್ಟೇ.

ಅವನು ಒಮ್ಮೆಗೇ ದೇವಮಾನವನಾದ ಎಂದು ಯಾರೂ ತಿಳಿಯಬೇಡಿ. ನಡುವೆ ಒಂದು ಸಲ ಮತ್ತೆ ಕುಡಿದ. ಅದನ್ನು ನಮಗೆ ಹೇಳಿದವನೂ ಅವನೇ. ನಾನು ಮುಖ ತಿರುಗಿಸಿದ್ದಕ್ಕೆ, "ನಾ ಸ್ವಚ್ಛ ಆಗೇನಿ ಅಂತ ಎಂದಾದ್ರೂ ಅಂದೇನೇನ ಬೇ? ತೊಳ್ಯಾಕ ಹಾಕ್ಯಾರ. ಒಂದ ಸಲಕ್ಕ ಹೋಗೂ ಕೊಳಿ ಅಲ್ಲ ಇದು," ಎಂದ. ಆಮೇಲೆ ಕುಡಿಯಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷದ ಚಳಿಯಲ್ಲಿ ಜ್ವರ ಬಂದು ತೀರಿಕೊಂಡ. ವಿಜಾಪುರದಲ್ಲಿ ಅವನನ್ನು ಮಣ್ಣು ಮಾಡುವಾಗ ದರ್ಜಿಯ ಕಡೆಯ ನಾಲ್ಕು ಮನೆಯವರು, ನಮ್ಮ ಮನೆಯವರು, ಅವನಿಂದ ಎತ್ತು ಕೊಂಡಿದ್ದ ಹತ್ತಿಪ್ಪತ್ತು ಹಳ್ಳಿಗರು ಸೇರಿದ್ದರು. ವೈನಿ ಕಂಕುಳಲ್ಲಿದ್ದ ಮಗನನ್ನು ನನಗೆ ಕೊಟ್ಟು ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದಳು. "ನಿಮಗ ನಾ ಎಂದೋ ಕ್ಷಮಾ ಮಾಡೇನಿ ಅಂತ ಬಾಯಿಬಿಟ್ಟು ಹೇಳಲೇ ಇಲ್ಲ," ಎಂದು ದಾರಿಯುದ್ದಕ್ಕೂ ಅತ್ತಳು. ನಾನೂ ಹೇಳಿರಲಿಲ್ಲ. ಅವನು ಕೇಳಲೂ ಇಲ್ಲ.

ಮರುವರ್ಷ ನನ್ನನ್ನು ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಮನೆಗೆ ಕೊಟ್ಟರು. ನಾನು ಹೋದ ಹತ್ತನೆಯ ದಿನಕ್ಕೆ ಅವರ ಹಾಲಿನ ಎಮ್ಮೆ ಹೊಟ್ಟೆಯುಬ್ಬಿ ಸತ್ತಿತು. ಅತ್ತೆ ನನ್ನ ಕಾಲು ನೋಡಿದಳು. ಮರುದಿನ ನೆರೆಯವರೂ ನೋಡಿದರು. ಆ ನೋಟ ಏನೆಂದು ನನಗೆ ಗೊತ್ತಿತ್ತು. ಭಾವಿಯ ಹತ್ತಿರ ವೈನಿಯ ಬಗ್ಗೆ ನಾನು ಆಡಿದ ಮಾತು ಆಗ ನನಗೇ ತಿರುಗಿ ಬಂತು. ಗಂಡನೂ ನೆಲ ನೋಡತೊಡಗಿದಾಗ ನಾನು ತಿಕೋಟಾಕ್ಕೆ ಹೇಳಿ ಕಳಿಸಿದೆ.

ಬಂದವಳು ಆಯಿ. ಎಂಬತ್ತು ದಾಟಿದವಳು, ಕೋಲೂರಿಕೊಂಡು, ಗಾಡಿ ಇಳಿದವಳೇ ಚಹಾ ಬೇಡವೆಂದು ಎಮ್ಮೆ ಕಟ್ಟುತ್ತಿದ್ದ ಜಾಗಕ್ಕೆ ಹೋದಳು. ಅಲ್ಲಿ ಉಳಿದಿದ್ದ ಮೇವನ್ನು ಹಿಡಿದು ನೋಡಿದಳು. ಕೊಯ್ದ ಜೋಳದ ಬುಡದಲ್ಲಿ ಮತ್ತೆ ಚಿಗುರಿದ ಎಳೆ ದಂಟು, ದನ ತಿಂದರೆ ಉಳಿಯುವುದಿಲ್ಲ. ಅದನ್ನು ತಂದು ಅತ್ತೆಯ ಮುಂದೆ ಹಾಕಿದಳು.

"ಎಮ್ಮಿ ಏನ ತಿಂದೈತಿ ಮೊದಲ ನೋಡ್ರಿ ಬೀಗತಿ. ಸೊಸಿ ಕಾಲು ಆಮ್ಯಾಲ ನೋಡ್ರಿ," ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನೆರೆಹೊರೆಯವರೆಲ್ಲ ಕೂಡಿದ ಆ ಪಡಸಾಲೆಯಲ್ಲಿ, ಜೀವಮಾನದಲ್ಲಿ ಯಾರ ಮುಂದೂ ತಲೆ ತಗ್ಗಿಸದ ನಮ್ಮ ಆಯಿ ಹೇಳಿದಳು: "ನಾ ಇದ ತಪ್ಪು ಮಾಡೇನಿ. ಏನೂ ಅರೀದ ಒಂದು ಹುಡುಗೀನ ಎರಡು ವರ್ಷ ಮನಿ ಹೊರಗ ಹಾಕಿದ್ದೆ. ನೀವು ಮಾಡಬ್ಯಾಡ್ರಿ."

ಅತ್ತೆ ಆ ಜೋಳದ ಚಿಗುರನ್ನು ಎತ್ತಿ ಹೊರಗೆ ಎಸೆದಳು. ಆಮೇಲೆ ನನ್ನ ಕಡೆ ತಿರುಗಿ, "ಆಯಿಗೆ ಕೈಕಾಲಿಗೆ ನೀರು ಕೊಡವ್ವ," ಎಂದಳು. ಆ ಮನೆಯಲ್ಲಿ ನನ್ನನ್ನು ಅವ್ವ ಎಂದು ಕರೆದದ್ದು ಅದೇ ಮೊದಲು. ತನ್ನ ತಪ್ಪನ್ನು ನಾಲ್ಕು ಜನರ ಮುಂದೆ ಒಪ್ಪಿಕೊಂಡರೆ ಮನುಷ್ಯ ಸಾಯುವುದಿಲ್ಲ, ಬದುಕುತ್ತಾನೆ ಎಂದು ನಮ್ಮ ಆಯಿಗೆ ಕಲಿಸಿದವನು ದಲಾಲಿ ಕಾಕಾ. ಅವನಿಂದ ವೈನಿಗೆ ಅವಳ ಮನೆ ತಿರುಗಿ ಸಿಕ್ಕಿತು. ನನ್ನ ಮನೆ ನನ್ನಿಂದ ಹೋಗಲೇ ಇಲ್ಲ.